ಇಂಗ್ಲಿಷ್ ಆ್ಯಪ್ ಆರಿಸುವಾಗ
ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರೇ, ಬರೀ ಬೆರಳಾಡಿಸುವ ಆ್ಯಪ್‌ಗಿಂತ ಮಗುವಿನ ದನಿ ಕೇಳಿಸಿಕೊಳ್ಳುವಂಥದ್ದನ್ನು ಆರಿಸಿ. ಗೂಗಲ್‌ನ ರೀಡ್ ಅಲಾಂಗ್ ಅಂಥದ್ದು. 2019ರಲ್ಲಿ ಬೋಲೋ ಎಂಬ ಹೆಸರಲ್ಲಿ ನಮ್ಮ ದೇಶದಲ್ಲೇ ಶುರುವಾಯಿತು, ಉಚಿತ. ಮಗು ಗಟ್ಟಿಯಾಗಿ ಕಥೆ ಓದಿದರೆ ಆ್ಯಪ್‌ನೊಳಗಿನ ದಿಯಾ ಎಂಬ ಪುಟ್ಟ ಗೆಳತಿ ಕೇಳಿಸಿಕೊಳ್ಳುತ್ತಾಳೆ. ತಡವರಿಸಿದ ಪದವನ್ನು ಮುಟ್ಟಿದರೆ ಹೇಳಿಕೊಡುತ್ತಾಳೆ. ಕಥೆಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಹಳ್ಳಿ ಕಡೆಯವರಿಗೆ ಇದು ದೊಡ್ಡ ಅನುಕೂಲ. ಟಿವಿ, ಮಿಕ್ಸಿ ಸದ್ದಿನಲ್ಲಿ ಮಾತ್ರ ಕೂರಿಸಬೇಡಿ. ಸರಿಯಾಗಿ ಓದಿದ್ದನ್ನೂ ಫೋನು ತಪ್ಪಾಗಿ ಕೇಳಿಸಿಕೊಂಡರೆ ಮಗು ಸಪ್ಪಗಾಗುತ್ತದೆ. ಅಕ್ಷರ ಬಾರದ ಪುಟಾಣಿಗಳಿಗೆ ಖಾನ್ ಅಕಾಡೆಮಿ ಕಿಡ್ಸ್ ನೋಡಿ, ಅದೂ ಉಚಿತ, ಜಾಹೀರಾತಿಲ್ಲ. ಮುಖ್ಯವಾಗಿ, ಪಕ್ಕದಲ್ಲೇ ಕೂತು, ಓದಿದ ಕಥೆಯನ್ನು ಕನ್ನಡದಲ್ಲಿ ಹೇಳಿಸಿ. ಅರ್ಥವಾಗಿದೆಯೋ ಬಾಯಿಪಾಠವೋ ಅಲ್ಲೇ ತಿಳಿಯುತ್ತದೆ.