ಸೀಮೆಸುಣ್ಣ ಎಷ್ಟು ದೂರದ್ದು?

ನನ್ನ ಮೊದಮೊದಲ ಕವನಗಳಲ್ಲಿ ಹಿಮ ಬೀಳುತ್ತಿತ್ತು. ಹಡಗುಗಳು ಬಂದು ನಿಲ್ಲುತ್ತಿದ್ದವು, ಮರಳುಗಾಡಿನಲ್ಲಿ ಒಂಟೆಗಳು ಸಾಲುಗಟ್ಟಿ ಹೋಗುತ್ತಿದ್ದವು. ನಾನೋ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯ ಮೇಡಂ. ಆಗಿನ್ನೂ ಕಡಲನ್ನೇ ನೋಡಿರಲಿಲ್ಲ. ಶಾಲೆಯ ಸುತ್ತ ಟೊಮೆಟೊ ಹೊಲ, ನೀಲಗಿರಿ ತೋಪು, ಬಂಡೆಗುಡ್ಡ. ಇದೆಲ್ಲ ಪದ್ಯಕ್ಕೆ ಒದಗುವ ಸರಕು ಅಂತ ನನಗೆ ಹೊಳೆದಿರಲೇ ಇಲ್ಲ.

ಹಿಮದ ಪದ್ಯವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಕನ್ನಡದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, “ಹಿಮ ಎಲ್ಲಿ ನೋಡಿದ್ರಿ ಮೇಡಂ? ಫ್ರಿಜ್ಜಲ್ಲಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಗೆ ಬರುವಾಗ ಬಸ್ಸಿನುದ್ದಕ್ಕೂ ಸಿಟ್ಟು ಮಾಡಿಕೊಂಡೆ. ರಾತ್ರಿ ಹಾಲಿನ ಪ್ಯಾಕೆಟ್ ತೆಗೆಯಲು ಫ್ರೀಜರ್ ಬಾಗಿಲು ತೆರೆದರೆ ಪ್ಯಾಕೆಟ್ಟು ಹಿಮಗಟ್ಟಿದ ಒಳಗೋಡೆಗೆ ಅಂಟಿಕೊಂಡುಬಿಟ್ಟಿತ್ತು. ಚಮಚದಲ್ಲಿ ಕೆರೆದೆ. ಬೆರಳ ಮೇಲೆ ಬಿದ್ದ ಹಿಮಕ್ಕೆ ಹೋದ ವಾರ ಇಟ್ಟಿದ್ದ ಕೊತ್ತಂಬರಿ ಸೊಪ್ಪಿನ ವಾಸನೆ! ನನ್ನ ಪದ್ಯದ ಹಿಮಕ್ಕೆ ವಾಸನೆಯೇ ಇರಲಿಲ್ಲ. ಮೇಷ್ಟ್ರ ಮೇಲಿನ ಸಿಟ್ಟು ಇಳಿಯಲು ಇನ್ನೂ ಎರಡು ದಿನ ಬೇಕಾಯಿತು, ಅದು ಬೇರೆ ಮಾತು.

ನನ್ನನ್ನು ದಾರಿಗೆ ತಂದದ್ದು ಒಗಟುಗಳು. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ಮಕ್ಕಳಿಂದ ಒಗಟು ಹೇಳಿಸುವುದು ನಮ್ಮಲ್ಲಿ ರೂಢಿ. “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ” ಅಂತ ಒಬ್ಬ ಕೂಗಿದ. “ಮಲ್ಲಿಗೆ!” ಅಂತ ಇಡೀ ತರಗತಿ ಕೂಗಿತು. ನೂರು ಸಲ ಕೇಳಿದ ಒಗಟು. ಆದರೆ ಅವತ್ತು ಕಿವಿಗೆ ಬೇರೆಯೇ ಒಂದು ಸಂಗತಿ ಬಿತ್ತು. ಒಗಟು “ಮೊಸರು ಚೆಲ್ಲಿದಂತೆ ಇದೆ” ಅನ್ನುವುದಿಲ್ಲ, “ಚೆಲ್ಲಿದೆ” ಅನ್ನುತ್ತದೆ. ಯಾರೋ ಗಿಡದ ಮೇಲೆ ಗಡಿಗೆ ಬೋರಲು ಹಾಕಿ ಹೋಗಿದ್ದಾರೆ ಅಂತಲೇ ಒಂದು ಗಳಿಗೆ ನಂಬಬೇಕು, ಆಮೇಲೆ ಮಲ್ಲಿಗೆ ಸಿಗುತ್ತದೆ. ನನ್ನ ಹಳೇ ನೋಟ್ ಬುಕ್ ತೆಗೆದು ನೋಡಿದೆ. ಒಂದು ಪುಟದಲ್ಲಿ ಹನ್ನೊಂದು “ಅಂತೆ”, ನಾಲ್ಕು “ಹಾಗೆ”. ಮುತ್ತಿನಂತೆ, ಬೆಳ್ಳಿಯಂತೆ, ಕನಸಿನ ಹಾಗೆ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಎಲ್ಲ ಹೊಡೆದುಹಾಕಿದೆ. ಅರ್ಧಕ್ಕರ್ಧ ಪದ್ಯಗಳು ಅಲ್ಲೇ ಕುಸಿದುಬಿದ್ದವು. “ಅಂತೆ”ಯ ಊರುಗೋಲು ಇಲ್ಲದೆಯೂ ನಿಂತವು ಎರಡೋ ಮೂರೋ. ಈಗಲೂ ಕರಡು ತಿದ್ದಲು ಕೂತಾಗ ನಾನು ಮಾಡುವ ಮೊದಲ ಕೆಲಸ ಇದೇ.

ಎರಡನೆಯ ಪಾಠ ಅಜ್ಜಿಯ ಬಾಯಿಂದ ಬಂತು. ಅವರಿಗೆ ಲೋಕದಲ್ಲಿ ಅರ್ಧ ಸಾಮಾನು ಸೀಮೆಯದು. ಸೀಮೆಎಣ್ಣೆ, ಸೀಮೆಬದನೆಕಾಯಿ, ಸೀಮೆಹಸು, ಸೀಮೆಹುಣಸೆ, ಸೀಮೆಸುಣ್ಣ. ನಾನು ಬರೆಯುತ್ತಾ ಕೂತರೆ “ಸೀಮೆಗಿಲ್ಲದ ಪದ್ಯ ಬರೀತಾಳೆ, ಒಲೆ ಮೇಲೆ ಹಾಲು ಉಕ್ತಾ ಇದೆ” ಅನ್ನುತ್ತಿದ್ದರು. ಸೀಮೆ ಅಂದರೆ ಗಡಿ. ಗಡಿಯೊಳಗಿನ ನಾಡೂ ಸೀಮೆಯೇ. ಪದಾರ್ಥದ ಹೆಸರಿನ ಹಿಂದೆ ಬಂದು ಕೂತರೆ ಮಾತ್ರ ಗಡಿಯಾಚೆಯದು, ಹೊರಗಿನಿಂದ ಬಂದದ್ದು. ನಾನು ದೂರದ ಊರಿಗಾಗಿ ಹಡಗು ಕಾಯುತ್ತಾ ಕೂತಿದ್ದಾಗ ನಮ್ಮಜ್ಜಿ ಅದನ್ನೇ ಹೆಚ್ಚಿ ಹುಳಿಗೆ ಹಾಕುತ್ತಿದ್ದರು.

ಸೀಮೆಬದನೆಯ ಮೂಲ ಮೆಕ್ಸಿಕೊ ಕಡೆ. ಹೆಸರಿನಲ್ಲಿ ಬದನೆ ಇದ್ದರೂ ಜಾತಿಯಲ್ಲಿ ಸೌತೆ, ಕುಂಬಳದ ನೆಂಟ. ನಮ್ಮೂರಿನಿಂದ ಆಂಧ್ರದ ಗಡಿ ಕೂಗಳತೆಯಲ್ಲಿದೆ. ಒಮ್ಮೆ ಪಲಮನೇರಿನ ಸಂತೆಯಲ್ಲಿ ಅದನ್ನೇ ತೋರಿಸಿ ರೇಟು ಕೇಳಿದೆ. ಮಾರುವಾಕೆ ಅದಕ್ಕೆ “ಬೆಂಗುಳೂರು ವಂಕಾಯ” ಅಂದಳು. ತಮಿಳಿನವರೂ ಬೆಂಗಳೂರು ಕತ್ತರಿಕಾಯಿ ಅನ್ನುತ್ತಾರಂತೆ. ನಮಗೆ ಅದು ಸೀಮೆಯಾಚೆಯದು, ಅವರಿಗೆ ನಾವೇ ಸೀಮೆಯಾಚೆಯವರು! ಕೈಚೀಲ ಹಿಡಿದು ಸಂತೆಯ ಮಧ್ಯೆ ನಿಂತೇಬಿಟ್ಟೆ. ಅಷ್ಟು ದಿನ ಹುಡುಕುತ್ತಿದ್ದ ದೂರದೂರಿನಲ್ಲಿ ನಾನು ಹುಟ್ಟಿದಾಗಿನಿಂದ ವಾಸವಾಗಿದ್ದೇನೆ ಅಂತ ಅನಿಸಿತು. ಶಾಲೆಯ ಹಿಂದಿನ ನೀಲಗಿರಿಯದು ಇದಕ್ಕೆ ತಿರುಗುಮುರುಗು ಕತೆ. ಆಸ್ಟ್ರೇಲಿಯಾದಿಂದ ಬಂದ ಮರ ಪಕ್ಕದ ಬೆಟ್ಟದ ಹೆಸರು ಹೊದ್ದು ನಿಂತಿದೆ.

ಇದು ತಿಳಿದ ಮೇಲೆ ನಾನು ಕೆಟ್ಟೆ. ಮೇಡಂಗಿರಿ ತಲೆಗೇರಿತು. ಮೆಣಸಿನಕಾಯಿ, ಆಲೂಗಡ್ಡೆ, ಅನಾನಸು, ಗೋಡಂಬಿ, ಪರಂಗಿ ಹಣ್ಣು ಎಲ್ಲವನ್ನೂ ಹಡಗಿಗೆ ಹತ್ತಿಸಿ ಉದ್ದದ ಪದ್ಯ ಬರೆದೆ. ಮೇಜು ಅನ್ನುವ ಪದ ಎಲ್ಲಿಂದ ಬಂತು ಅನ್ನುವುದೂ ಅದರಲ್ಲಿತ್ತು. ಪೋರ್ಚುಗೀಸರು ಗೋವಾ ಹಿಡಿದ 1510 ಕೂಡ ಒಂದು ಸಾಲಿನಲ್ಲಿ ಬಂದಿತ್ತು. ಅದೇ ಮೇಷ್ಟ್ರು ಓದಿ, “ಇದು ಸಮಾಜ ವಿಜ್ಞಾನದ ಪಿರಿಯಡ್ಡಿಗೆ ಆಯ್ತು ಮೇಡಂ. ಪದ್ಯ ಯಾವಾಗ ತರ್ತೀರಿ?” ಅಂದರು. ಈ ಸಲ ಸಿಟ್ಟು ಬರಲಿಲ್ಲ. ಮನೆಗೆ ಹೋಗಿ ಕಪಾಟಿನ ಮೇಲೆ ಮರೆತುಹೋಗಿದ್ದ ಒಂದೇ ಒಂದು ಸೀಮೆಬದನೆಯನ್ನು ಎದುರಿಗಿಟ್ಟುಕೊಂಡು ಕೂತೆ. ಅದರ ತುದಿ ಬೊಚ್ಚುಬಾಯಿ. ಹಲ್ಲಿಲ್ಲದ ತುಟಿ ಒಳಕ್ಕೆ ಎಳೆದುಕೊಂಡ ಹಾಗೇ ನೆರಿಗೆ. ಇದಕ್ಕೆ ಒಳಗೆ ಒಂದೇ ಬೀಜ, ಬೀಜವನ್ನು ಬಿಡಿಸಿ ನೆಡುವಂತಿಲ್ಲ, ಕಾಯಿಯನ್ನೇ ಮಣ್ಣಿಗಿಡಬೇಕು. ಇಟ್ಟಲ್ಲೇ ಬಿಟ್ಟರೆ ಕಾಯಿಯೊಳಗೇ ಮೊಳೆಯುತ್ತದೆ. ನನ್ನದು ಆಗಲೇ ಆ ಬೊಚ್ಚುಬಾಯಿಯಿಂದ ತಿಳಿಹಸಿರು ನಾಲಗೆ ಹೊರಹಾಕಿತ್ತು. ಮೆಕ್ಸಿಕೊ, ಹಡಗು, ಇಸವಿ ಎಲ್ಲ ಬಿಟ್ಟು ಬರೆದೆ:

ಅಜ್ಜಿ ಬಾಯಿ ತೆರೆದರು.
ಮಾತು ಬರಲಿಲ್ಲ,
ಬಳ್ಳಿ ಬಂತು.

ಮೂರೇ ಸಾಲು. ಆ ಹೊತ್ತಿಗೆ ಅಜ್ಜಿ ಹೋಗಿ ಎಂಟು ತಿಂಗಳಾಗಿತ್ತು.

ಸೀಮೆಸುಣ್ಣದ ಪದ್ಯಕ್ಕೆ ಮಾತ್ರ ಒಂದು ವರ್ಷ ಹಿಡಿಯಿತು. ಅದರ ಬುಡವೂ ಒಗಟೇ: “ಕಲ್ಲರಳಿ ಹೂವಾಗಿ, ಎಲ್ಲರಿಗೂ ಬೇಕಾಗಿ, ಮಲ್ಲಿಕಾರ್ಜುನನ ಗುಡಿಗೆ ಬೆಳಕಾಗಿ, ಬಲ್ಲವರು ಹೇಳಿ.” ಉತ್ತರ ಸುಣ್ಣ. ಇಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಸುಟ್ಟ ಸುಣ್ಣಕಲ್ಲಿಗೆ ನೀರು ಹಾಕಿದರೆ ಬುಸುಗುಟ್ಟಿ, ಕಾದು, ಬಿರಿದು ಪುಡಿಯಾಗುತ್ತದೆ. ಅದಕ್ಕೆ ಅರಳಿದ ಸುಣ್ಣ ಅಂತಲೇ ಹೆಸರು. ಹಾಗಾದರೆ ಇಪ್ಪತ್ತು ವರ್ಷದಿಂದ ನನ್ನ ಬೆರಳು ಬಿರಿಸುತ್ತಿರುವ ಸೀಮೆಸುಣ್ಣ ಏನು? ಓದಿದೆ. ನಿಜವಾದ ಚಾಕ್ ಅಂದರೆ ಕೋಟಿ ಕೋಟಿ ವರ್ಷಗಳ ಹಿಂದೆ ಕಡಲಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು. ಆಹಾ! ಚಿಪ್ಪುಗಳನ್ನು ಹಿಡಿದು ಅಕ್ಷರ ಬರೆಯುವ ಪದ್ಯ ಒಂದೇ ಏಟಿಗೆ ಸಿದ್ಧವಾಯಿತು.

ಮರುದಿನ 7ನೇ ತರಗತಿಗೆ ಹೇಳಿದೆ. ಚಿಪ್ಪಾದರೆ ಹುಳಿಗೆ ನೊರೆ ಬರಬೇಕು, ನೋಡೋಣ ಅಂತ ನಿಂಬೆಹಣ್ಣು ಹಿಂಡಿದೆವು. ಮೊಟ್ಟೆ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಸೀಮೆಸುಣ್ಣದ ಮೇಲೆ ಏನೂ ಇಲ್ಲ. ಇನ್ನೊಂದು ಹನಿ. ಊಹೂಂ. “ಮಿಸ್, ಇದು ಡೂಪ್ಲಿಕೇಟಾ?” ಅಂತ ಹುಡುಗನೊಬ್ಬ ಕೇಳಿದ. ಡೂಪ್ಲಿಕೇಟ್ ಆಗಿದ್ದದ್ದು ನನ್ನ ಪದ್ಯ. ನಮ್ಮ ಡಬ್ಬಿಯಲ್ಲಿದ್ದದ್ದು ಜಿಪ್ಸಮ್ ಅನ್ನುವ ಬೇರೆಯೇ ಖನಿಜದ ಕಡ್ಡಿ. ಕೆಲವು ಡಬ್ಬಿಗಳಲ್ಲಿ ನೊರೆ ಬರುವ ಜಾತಿಯೂ ಸಿಗುತ್ತದೆ, ನಮ್ಮದು ಅದಲ್ಲ.

ಪದ್ಯವನ್ನು ಹಾಗೇ ಬಿಡಬಹುದಿತ್ತು, ನಿಂಬೆಹಣ್ಣು ಹಿಂಡಿ ಪದ್ಯ ಓದುವವರು ಯಾರು? ಆದರೆ ವಾಸನೆಯಿಲ್ಲದ ಆ ಹಿಮದ ಪದ್ಯ ನೆನಪಾಯಿತು. ಮತ್ತೆ ಓದಲು ಕೂತೆ. ನೆಲದಲ್ಲಿ ಸಿಗುವ ಜಿಪ್ಸಮ್ ಬಹುಮಟ್ಟಿಗೆ ಹಳೆಯ ಕಡಲುಗಳು, ಉಪ್ಪುನೀರಿನ ಕೆರೆಗಳು ಆರಿಹೋದಾಗ ತಳದಲ್ಲಿ ಉಳಿದದ್ದು. ನಮ್ಮ ದೇಶದಲ್ಲಿ ಅದರ ದೊಡ್ಡ ಗಣಿಗಳಿರುವುದು ರಾಜಸ್ಥಾನದಲ್ಲಿ. ಚಿಪ್ಪು ಹೋಯಿತು, ಕಡಲು ಉಳಿಯಿತು. ಹಳೇ ಪದ್ಯದ ಒಂದು ಸಾಲೂ ಇಟ್ಟುಕೊಳ್ಳದೆ ಹೊಸದಾಗಿ ಬರೆದೆ:

ಒಂದು ಕಡಲು ಒಣಗಿತ್ತು.
ಅದನ್ನು ಹಿಡಿದು ‘ಅ’ ಬರೆದೆ.
ಹಿಂದಿನ ಸಾಲಿನ ಹುಡುಗ ಬಂದು
ಒದ್ದೆ ಬಟ್ಟೆಯಲ್ಲಿ ಒರೆಸಿದ.

ಮೇಷ್ಟ್ರು ಓದಿ ಏನೂ ಹೇಳಲಿಲ್ಲ. ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡರು.

ಈಗ ಶನಿವಾರದ ಅವಧಿಯಲ್ಲಿ ಹಳೇ ಒಗಟು ಹೇಳುವಂತಿಲ್ಲ, ಮನೆಯಲ್ಲಿರುವ ಸಾಮಾನಿಗೆ ಹೊಸದು ಕಟ್ಟಿ ತರಬೇಕು. ಬರುವುದರಲ್ಲಿ ಮುಕ್ಕಾಲು ಪಾಲು ಮೊಬೈಲಿನ ಮೇಲೆ, ಬೇಸರ ಬರಿಸುವಂಥವು. ನಡುವೆ 5ನೇ ತರಗತಿಯ ಹುಡುಗಿಯೊಬ್ಬಳು ತಂದದ್ದು: “ಅದು ಮೂರು ಸಲ ಕೂಗಿದ್ರೆ ಅಮ್ಮ ಓಡಿ ಬರ್ತಾಳೆ, ನಾನು ಮೂರು ಸಲ ಕೂಗಿದ್ರೂ ಬರಲ್ಲ.” ಕುಕ್ಕರ್ ಅಂತ ಎಲ್ಲರೂ ಕೂಗಿದರು. ನಾನು ಹಾಜರಿ ಪುಸ್ತಕ ತೆಗೆದು ಅದರೊಳಗೆ ತಲೆ ತಗ್ಗಿಸಿದೆ.

ಕಪಾಟಿನ ಮೇಲಿದ್ದ ಆ ಸೀಮೆಬದನೆಯನ್ನು ಶಾಲೆಯ ಕಾಂಪೌಂಡಿನ ಪಕ್ಕ ನೆಟ್ಟಿದ್ದೆ. ಬಳ್ಳಿ ಬೇವಿನ ಮರ ಹತ್ತಿದೆ. ಬಿಸಿಯೂಟದ ಅಡುಗೆಯಾಕೆ ಗಡಿಯಾಚೆಯಿಂದ ಇಲ್ಲಿಗೆ ಮದುವೆಯಾಗಿ ಬಂದವರು. ಮೊನ್ನೆ ಸೆರಗಿನಲ್ಲಿ ನಾಲ್ಕು ಕಾಯಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, “ಬೆಂಗುಳೂರು ವಂಕಾಯ ಬಿಟ್ಟಿದೆ ಮೇಡಂ, ಸಾಂಬಾರಿಗೆ ಹಾಕ್ಲಾ?” ಅಂದರು. ಹಾಕಿ ಅಂದೆ.