ಥಾಯ್ಲೆಂಡ್ ಕೆಲಸದ ಆಫರ್ ಬಂತಾ? ಕಂಪನಿ ಬಿಡಿ, ವೀಸಾ ನೋಡಿ

ಪಾಸ್‌ಪೋರ್ಟ್, ವೀಸಾ ಅರ್ಜಿ ತುಂಬಿಕೊಡುವ ನಮ್ಮಂಥವರ ಹತ್ತಿರ ಹುಡುಗರು ಆಫರ್ ಲೆಟರ್ ಹಿಡಿದು ಬರುತ್ತಾರೆ. 'ಸರ್, ಈ ಕಂಪನಿ ಅಸಲಿನಾ ಅಂತ ಸ್ವಲ್ಪ ನೋಡಿ' ಅನ್ನುತ್ತಾರೆ. ಅಷ್ಟರಲ್ಲಿ ಅವರೇ ವೆಬ್‌ಸೈಟ್ ಜಾಲಾಡಿರುತ್ತಾರೆ, ಗೂಗಲ್ ರಿವ್ಯೂ ಓದಿರುತ್ತಾರೆ, ಎಚ್‌ಆರ್ ಜೊತೆ ವಿಡಿಯೊ ಕಾಲ್ ಕೂಡ ಆಗಿರುತ್ತದೆ. ಇದಿಷ್ಟೂ ದಂಡ. ವೆಬ್‌ಸೈಟ್ ಕಟ್ಟಲು ಒಂದು ಮಧ್ಯಾಹ್ನ ಸಾಕು, ಅಲ್ವಾ?

ಥಾಯ್ಲೆಂಡ್ ಕೆಲಸದ ಹೆಸರಲ್ಲಿ ಮ್ಯಾನ್ಮಾರ್ ಗಡಿಯಲ್ಲಿ ನಡೆಯುವ ಅಪಹರಣ ಸಿನಿಮಾದಲ್ಲಿ ನೋಡಿದಂತಲ್ಲ. ಯಾರೂ ಬಾಯಿಗೆ ಬಟ್ಟೆ ತುರುಕುವುದಿಲ್ಲ. ನೀವೇ ಟಿಕೆಟ್ ಹಿಡಿದು ಬ್ಯಾಂಕಾಕ್‌ನಲ್ಲಿ ಇಳಿಯುತ್ತೀರಿ, ನೀವೇ ಕಾರು ಹತ್ತುತ್ತೀರಿ. ಕಾರು ಥಾಯ್ ಗಡಿಯ ಮೇ ಸಾಟ್ ಊರಿಗೆ ಹೋಗುತ್ತದೆ. ಅಲ್ಲಿ ಮೊಯಿ ಅನ್ನುವ ಸಣ್ಣ ನದಿ. ದೋಣಿಯಲ್ಲಿ ದಾಟಿದರೆ ಆಚೆಗೆ ಮ್ಯಾನ್ಮಾರ್‌ನ ಮ್ಯಾವಡ್ಡಿ. ಕೆಕೆ ಪಾರ್ಕ್, ಶ್ವೆ ಕೊಕ್ಕೊ ಹೆಸರಿನ ಕಾಂಪೌಂಡ್‌ಗಳು, ಅಂದರೆ ಆನ್‌ಲೈನ್ ವಂಚನೆಯ ಅಡ್ಡೆಗಳು, ಇರುವುದು ಆ ಭಾಗದಲ್ಲೇ. ಅಲ್ಲಿ ಫೋನ್, ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಕೆಲಸ ಏನು ಅಂದರೆ ಹುಡುಗಿಯ ಫೋಟೊ ಹಾಕಿಕೊಂಡು, ಯಾವುದೋ ದೇಶದವರನ್ನು ಚಾಟ್‌ನಲ್ಲಿ ಮರುಳು ಮಾಡಿ ಹಣ ಕೀಳುವುದು. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ. ಬಿಡಿ ಅಂದರೆ ಡಾಲರ್ ಲೆಕ್ಕದಲ್ಲಿ ಬಿಡುಗಡೆ ಹಣ.

ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ ಜನ ಹೀಗೆ ಸಿಕ್ಕಿಕೊಂಡಿರಬಹುದು ಎಂದು 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಹೇಳಿತ್ತು. 2025ರ ಜನವರಿಯಲ್ಲಿ ಚೀನಾದ ನಟ ವಾಂಗ್ ಶಿಂಗ್ ಸಿನಿಮಾ ಅವಕಾಶ ಅಂತ ಬ್ಯಾಂಕಾಕ್‌ಗೆ ಬಂದು ಇದೇ ದಾರಿಯಲ್ಲಿ ಮ್ಯಾವಡ್ಡಿ ಸೇರಿದ. ಕೆಲವೇ ದಿನದಲ್ಲಿ ಬಿಡಿಸಿದರು, ಅಷ್ಟರಲ್ಲಿ ತಲೆ ಬೋಳಾಗಿತ್ತು. ಮುಂದಿನ ತಿಂಗಳು ಥಾಯ್ಲೆಂಡ್ ಗಡಿಯಾಚೆಗೆ ಕೊಡುತ್ತಿದ್ದ ಕರೆಂಟು, ಇಂಧನ, ಇಂಟರ್ನೆಟ್ ನಿಲ್ಲಿಸಿತು. ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಎರಡು ದಿನದಲ್ಲಿ 283 ಮತ್ತು 266 ಭಾರತೀಯರನ್ನು ಮೇ ಸಾಟ್‌ನಿಂದ ಕರೆತಂದವು. ಸದ್ಯ ಮುಗಿಯಿತು ಅಂದುಕೊಂಡೆವು. ಅಕ್ಟೋಬರ್‌ನಲ್ಲಿ ಕೆಕೆ ಪಾರ್ಕ್ ಮೇಲೆ ಮ್ಯಾನ್ಮಾರ್ ಸೇನೆ ದಾಳಿ ಮಾಡಿದಾಗ ನದಿ ದಾಟಿ ಓಡಿ ಬಂದವರಲ್ಲಿ ಮತ್ತೆ ನೂರಾರು ಭಾರತೀಯರು. ನವೆಂಬರ್‌ನಲ್ಲಿ ಇನ್ನೊಮ್ಮೆ ವಿಮಾನ ಕಳಿಸಬೇಕಾಯಿತು.

ಸರಿ, ಆಫರ್ ಕೈಗೆ ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ.

ಮೊದಲು ಏಜೆಂಟ್. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಲೈಸೆನ್ಸ್ ಇರುವವರ ಪಟ್ಟಿ ಇದೆ. ಹೆಸರಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಲೈಸೆನ್ಸ್ ಇದ್ದವರೂ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. 'ಏಜೆಂಟ್ ಯಾರೂ ಇಲ್ಲ ಸರ್, ನನ್ನ ಫ್ರೆಂಡೇ ಅಲ್ಲಿದ್ದಾನೆ' ಅನ್ನುವವರ ಬಗ್ಗೆ ನನಗೆ ಭಯ ಇನ್ನೂ ಜಾಸ್ತಿ. ನಿನ್ನ ಬದಲಿಗೆ ಇಬ್ಬರನ್ನು ಕರೆಸು, ಬಿಡುತ್ತೇವೆ ಅಂತ ಕಾಂಪೌಂಡ್ ಒಳಗೆ ಸಿಕ್ಕಿಕೊಂಡವರಿಗೆ ಅಲ್ಲಿನವರು ಹೇಳುತ್ತಾರೆ. ಆ ಫ್ರೆಂಡ್ ಯಾರ ಎದುರು ಕೂತು ಮೆಸೇಜ್ ಮಾಡುತ್ತಿದ್ದಾನೋ!

ಇನ್ನು ವೀಸಾ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

2024ರ ಜುಲೈನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟಿತು. ಅದು ಪ್ರವಾಸಕ್ಕೆ. ಪಾಸ್‌ಪೋರ್ಟ್‌ಗೆ ಹಾಕುವ ಪ್ರವಾಸಿ ಮುದ್ರೆ ಇಟ್ಟುಕೊಂಡು ಸಂಬಳದ ಕೆಲಸ ಮಾಡುವ ಹಾಗಿಲ್ಲ. ಕೆಲಸಕ್ಕೆ ಹೋಗುವವರಿಗೆ 'ನಾನ್-ಇಮಿಗ್ರೆಂಟ್ ಬಿ' ವೀಸಾ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದವರು ನೀವೇ, ಭಾರತದಲ್ಲಿದ್ದುಕೊಂಡೇ, ಥಾಯ್ ಸರ್ಕಾರದ ಇ-ವೀಸಾ ಜಾಲತಾಣದಲ್ಲಿ. ಅರ್ಜಿಗೆ ಕಂಪನಿಯ ಕಡೆಯ ಕಾಗದಗಳು ಬೇಕು. ಅದರಲ್ಲಿ ಮುಖ್ಯವಾದದ್ದು ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಥಾಯ್ ಕಾರ್ಮಿಕ ಇಲಾಖೆ ಕೊಟ್ಟ ಅನುಮತಿ. ಅಸಲಿ ಕಂಪನಿಗೆ ಇದೆಲ್ಲ ಮಾಮೂಲಿ ಕೆಲಸ. ಕೇಳಿದರೆ ಕೋಪ ಬರುವುದಿಲ್ಲ. ಕಳ್ಳ ಕಂಪನಿಯಾದರೆ ಕೂಡಲೇ ಒಂದು ಮಾತು ಬರುತ್ತದೆ: 'ಈಗ ಟೂರಿಸ್ಟ್ ಆಗಿ ಬನ್ನಿ, ಬಂದ ಮೇಲೆ ಕನ್ವರ್ಟ್ ಮಾಡಿಸೋಣ.'

ಈ ಮಾತು ನಮ್ಮ ಕರಾವಳಿ ಕಡೆಯವರಿಗೆ ಅನುಮಾನ ತರಿಸುವುದೇ ಇಲ್ಲ. ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ, ಕೆಲಸ ಹುಡುಕಿ, ಅಲ್ಲೇ ವೀಸಾ ಬದಲಿಸಿಕೊಂಡ ಮಾವಂದಿರು, ಚಿಕ್ಕಪ್ಪಂದಿರು ಮನೆಮನೆಯಲ್ಲೂ ಇದ್ದಾರೆ. ದುಬೈ ಲೆಕ್ಕವನ್ನು ಬ್ಯಾಂಕಾಕ್‌ಗೆ ಹಾಕಬೇಡಿ. ಕೆಲಸದ ವೀಸಾ ಪಾಸ್‌ಪೋರ್ಟ್ ಜೊತೆ ಕೈಯಲ್ಲಿಲ್ಲದೆ ವಿಮಾನ ಹತ್ತಬೇಡಿ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಡಿಗ್ರಿ ಆದವರಿಗೆ ಇನ್ನೊಂದು ಕಷ್ಟವಿದೆ. ಹತ್ತನೇ ತರಗತಿ ಪಾಸಾಗದವರಿಗೆ ಸಿಗುವುದು ಇಸಿಆರ್ ಪಾಸ್‌ಪೋರ್ಟ್. ಥಾಯ್ಲೆಂಡ್‌ಗೆ ಕೆಲಸಕ್ಕೆ ಹೋಗಲು ಅವರು ಸರ್ಕಾರದ ವಲಸೆ ಅನುಮತಿ ಪಡೆಯಲೇಬೇಕು. ಓದಿದವರಿಗೆ ಆ ತಪಾಸಣೆಯೂ ಇಲ್ಲ. ಕಾಂಪೌಂಡಿನವರಿಗೆ ಬೇಕಾಗಿರುವುದೂ ಇಂಗ್ಲಿಷ್, ಟೈಪಿಂಗ್ ಬಲ್ಲ ಓದಿದ ಹುಡುಗರೇ. 'ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯುಟಿವ್' ಹುದ್ದೆಯ ಆಮಿಷದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಟೆಲಿಗ್ರಾಂನಲ್ಲಿ ಹತ್ತು ನಿಮಿಷ ಇಂಟರ್‌ವ್ಯೂ, ಒಂದು ಟೈಪಿಂಗ್ ಟೆಸ್ಟ್, ಸಾವಿರ ಡಾಲರ್ ಸಂಬಳ ಅಂದರೆ ಇದೇ ಬಲೆ.

ದುಡ್ಡು ತೆಗೆದುಕೊಂಡು 'ಆಫರ್ ಲೆಟರ್ ವೆರಿಫೈಡ್' ಅಂತ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ಸುಮ್ನೆ ಖರ್ಚು. ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿಗೆ ಆಫರ್ ಲೆಟರ್ ಸಮೇತ ಒಂದು ಮೇಲ್ ಹಾಕಿ, ಉತ್ತರ ಬರುವ ತನಕ ಕಾಯಿರಿ.

ವಿಮಾನ ನಿಲ್ದಾಣದ ವಿಷಯ ಒಂದೇ ಸಾಲಿನದು: 'ಇಮಿಗ್ರೇಷನ್‌ನಲ್ಲಿ ಕೇಳಿದರೆ ಟೂರ್ ಅನ್ನಿ' ಅಂತ ಯಾರಾದರೂ ಪಾಠ ಹೇಳಿಕೊಟ್ಟಿದ್ದರೆ ಅಲ್ಲಿಂದಲೇ ಮನೆಗೆ ವಾಪಸ್ ಬನ್ನಿ.

ಆದರೂ ಹೊರಟವರಿಗೆ ಕೊನೆಯ ತಡೆ ಕಾರು. ಸುವರ್ಣಭೂಮಿ ನಿಲ್ದಾಣದಿಂದ ಬ್ಯಾಂಕಾಕ್ ಊರೊಳಗೆ ಸುಮಾರು 30 ಕಿಲೊಮೀಟರ್. ಮೇ ಸಾಟ್ ಹತ್ತಿರಹತ್ತಿರ 500. ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರ. ಡ್ರೈವರ್ 'ಟ್ರಾಫಿಕ್ ಇದೆ, ಮಲಗಿ' ಅನ್ನಬಹುದು. ಮಲಗಬೇಡಿ, ಮ್ಯಾಪ್ ತೆರೆದಿಟ್ಟುಕೊಳ್ಳಿ. ಅಯುತ್ತಯ, ನಾಕೋನ್ ಸವಾನ್, ತಾಕ್. ಹೆದ್ದಾರಿ ಬೋರ್ಡುಗಳಲ್ಲಿ ಇಂಗ್ಲಿಷ್‌ನಲ್ಲೂ ಇರುವ ಈ ಹೆಸರುಗಳು ಒಂದಾದ ಮೇಲೊಂದು ಬಂದರೆ ನಿಮ್ಮನ್ನು ಗಡಿಗೆ ಒಯ್ಯುತ್ತಿದ್ದಾರೆ. ಜಗಳ ಆಡಬೇಡಿ. ಮೂತ್ರಕ್ಕೆ ಹೋಗಬೇಕು ಅಂತ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ. ಅಲ್ಲಿ ಅಂಗಡಿ, ಬೆಳಕು, ಜನ ಇರುತ್ತಾರೆ. ಇಳಿದು ಅಂಗಡಿಯೊಳಗೆ ಹೋಗಿ 1155ಕ್ಕೆ ಕರೆ ಮಾಡಿ, ಅದು ಟೂರಿಸ್ಟ್ ಪೊಲೀಸ್. ಕಾರಿನಲ್ಲಿರುವ ಬ್ಯಾಗಿನ ಆಸೆ ಬಿಡಿ. ಪಾಸ್‌ಪೋರ್ಟ್ ಮಾತ್ರ ಮೊದಲಿನಿಂದಲೂ ಮೈಮೇಲೇ ಇರಲಿ. ಹೊಟೇಲ್ ಬುಕಿಂಗ್‌ಗೆ ಕೊಡಿ ಅಂತ ಡ್ರೈವರ್ ಕೇಳಿದರೆ ಅದರ ಫೋಟೊ ಕೊಡಿ, ಸಾಕು.

ಮನೆಯವರಿಗೆ ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ ಹಾಕಿ ಹೋಗುತ್ತಾರೆ. ಅದು ಹೆಚ್ಚೆಂದರೆ 8 ತಾಸು ನಡೆದು ನಿಂತುಹೋಗುತ್ತದೆ, ಸರಿಯಾಗಿ ಮೇ ಸಾಟ್ ಮುಟ್ಟುವ ಹೊತ್ತಿಗೆ. ಗೂಗಲ್ ಮ್ಯಾಪ್ಸ್‌ನಲ್ಲಿ 'ನಾನು ನಿಲ್ಲಿಸುವವರೆಗೆ' ಅನ್ನುವ ಆಯ್ಕೆ ಹಾಕಿ. ಕಂಪನಿಯವರು ಪುಕ್ಕಟೆ ಕೊಡುವ ಸಿಮ್ ಬೇಡ. ಊರಿನಿಂದಲೇ ರೋಮಿಂಗ್ ಹಾಕಿಸಿಕೊಳ್ಳಿ, ದುಬಾರಿ ಆದರೂ.

ಮಗ ಆಗಲೇ ನದಿ ದಾಟಿಬಿಟ್ಟಿದ್ದರೆ? ಹೆಚ್ಚಿನ ಮನೆಯವರು ಮೊದಲು 1930ಕ್ಕೆ ಫೋನ್ ಮಾಡುತ್ತಾರೆ. ಅದು ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡವರಿಗೆ. ಮ್ಯಾವಡ್ಡಿ ಇರುವುದು ಮ್ಯಾನ್ಮಾರ್‌ನಲ್ಲಿ, ಹಾಗಾಗಿ ಮೇಲ್ ಹೋಗಬೇಕಾದ್ದು ಯಾಂಗೊನ್‌ನ ಭಾರತೀಯ ರಾಯಭಾರ ಕಚೇರಿಗೆ. ಅದರದೊಂದು ಪ್ರತಿ ಬ್ಯಾಂಕಾಕ್‌ನ ರಾಯಭಾರ ಕಚೇರಿಗೆ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ದೂರು ಹಾಕಿ. ನಿಮ್ಮ ಠಾಣೆಯಲ್ಲಿ ಏಜೆಂಟ್ ಮೇಲೆ ಎಫ್‌ಐಆರ್ ಮಾಡಿಸಿ. ಬಿಡುಗಡೆ ಹಣ ಕಳಿಸುವ ಮುಂಚೆ ರಾಯಭಾರ ಕಚೇರಿಯವರ ಜೊತೆ ಮಾತಾಡಿ. ಹಣ ಪಡೆದ ಮೇಲೂ ಇನ್ನೊಂದು ಕಾಂಪೌಂಡಿಗೆ ಮಾರಿದ್ದುಂಟು. ಮಗ ಕದ್ದು ಫೋನ್ ಮಾಡಿದರೆ ಅಳುತ್ತಾ ಸಮಯ ಕಳೆಯಬೇಡಿ. ಕಟ್ಟಡದ ಹೆಸರು, ಲೊಕೇಶನ್, ಜೊತೆಗೆ ಎಷ್ಟು ಜನ ಭಾರತೀಯರಿದ್ದಾರೆ ಅನ್ನುವುದನ್ನು ಕೇಳಿ ಬರೆದುಕೊಳ್ಳಿ. ಅವನ ನಂಬರ್‌ಗೆ ನೀವಾಗಿ ವಾಪಸ್ ಕರೆ ಮಾಡಬೇಡಿ. ಆ ಹೊತ್ತಿಗೆ ಫೋನ್ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ.