ಗಾಲ್ಫ್ ಮೈದಾನದ ಚಿತ್ರ: ಹಸಿರು ಹದವಾಗಿ ಬರಲು

ಟ್ಯೂಬಿನ ಹಸಿರನ್ನು ಹಾಗೇ ಬಳಿಯಬೇಡಿ, ಇಡೀ ಚಿತ್ರ ಪ್ಲಾಸ್ಟಿಕ್ ಹಾಸಿನ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸಿ, ಆಮೇಲೆ ಚೂರೇ ಚೂರು ಕೆಂಪು ಸೇರಿಸಿ. ದೂರದ ಮರಗಳಿಗೆ ನೀಲಿ ಜಾಸ್ತಿ ಇರಲಿ.

ಫೇರ್‌ವೇಯಲ್ಲಿ (ಚೆಂಡು ಸಾಗುವ, ಹುಲ್ಲು ಕತ್ತರಿಸಿದ ದಾರಿಯಲ್ಲಿ) ತಿಳಿ, ಗಾಢ ಪಟ್ಟೆಗಳು ಕಾಣುತ್ತವೆ ಅಲ್ವಾ? ಅವು ಬೇರೆ ಬೇರೆ ಹುಲ್ಲಲ್ಲ. ಕತ್ತರಿಸುವ ಯಂತ್ರ ಹೋದ ಕಡೆಗೆ ಹುಲ್ಲು ವಾಲಿರುತ್ತದೆ, ನಮ್ಮಿಂದ ಆಚೆಗೆ ವಾಲಿದ್ದು ಬೆಳಕಿಗೆ ಹೊಳೆದು ತಿಳಿಯಾಗಿ, ನಮ್ಮ ಕಡೆ ವಾಲಿದ್ದು ಗಾಢವಾಗಿ ಕಾಣುತ್ತದೆ. ಈ ಪಟ್ಟೆಗಳನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಬಾಗಿಸಿ. ಸ್ಕೇಲ್ ಇಟ್ಟ ಹಾಗೆ ಎಳೆದರೆ ದಿಬ್ಬವೆಲ್ಲ ಚಪ್ಪಟೆ.

ಬಂಕರ್ ಅಂದರೆ ಮೈದಾನದ ಮರಳುಗುಂಡಿ, ಅದರ ಮರಳಿಗೆ ಬರೀ ಬಿಳಿ ಸಾಲದು, ಸ್ವಲ್ಪ ಯೆಲ್ಲೋ ಓಕರ್ (ಮಣ್ಣುಹಳದಿ) ಬೇಕು. ಅಂಚಿನ ನೆರಳಿಗೆ ತೆಳು ನೇರಳೆ. ಚೆಂಡು ಬೀಳುವ ಕುಳಿಯ ಅಗಲ 108 ಮಿ.ಮೀ. ಅಷ್ಟೇ, ದೂರದಿಂದ ಕಾಣುವುದೇ ಇಲ್ಲ. ಸುಮ್ನೆ ಅಲ್ಲಿ ಬಾವುಟದ ಕೋಲು ಬರೆದುಬಿಡಿ.